ಬಿದ್ದ ಕುಬ್ಜರಾಜನ ಕೊಪ್ಪರಿಗೆಯಲ್ಲಿ ಏನಿರಬೇಕು?

ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಟೇಬಲ್ ಆಟಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ಈ ಪುಟದಲ್ಲಿ ಉತ್ತರ. ಈ ಸಲದ ಪತ್ರಗಳೆಲ್ಲ ಉತ್ತರ ಕನ್ನಡದವು. ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇವೆ: ನೆಲದಡಿಯ ನಗರ, ಅಲ್ಲಿ ಆಳಿ ಅಳಿದ ಕುಬ್ಜರಾಜ, ಅವನು ಬಿಟ್ಟುಹೋದದ್ದು.

ಪ್ರಶ್ನೆ: ಮಳೆಗಾಲ ಹಿಡಿದಾಗಿನಿಂದ ನಾವು ಐದು ಮಂದಿ ಪ್ರತಿ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೇವೆ. ಆಟ ನಡೆಸುವುದು ನಾನು. ಮುಂದಿನ ಕಥೆ ಸಾವಿರ ವರ್ಷದ ಹಿಂದೆ ಬಿದ್ದುಹೋದ ಕುಬ್ಜರಾಜನ ನಗರದ್ದು. ಖಜಾನೆಯಲ್ಲಿ ಒಂದು ಲಕ್ಷ ಚಿನ್ನದ ನಾಣ್ಯ ಇಟ್ಟಿದ್ದೇನೆ. ಆದರೆ ಹಿಂದಿನ ಎರಡು ಕಥೆಗಳಲ್ಲೂ ಆಟಗಾರರು ನಿಧಿ ಬಾಚಿಕೊಂಡು ಹೊರಟೇಬಿಟ್ಟರು. ರಾಜ ಯಾರು, ಏನಾದ ಎಂದು ಒಬ್ಬರೂ ಕೇಳಲಿಲ್ಲ. ಈ ಸಲವಾದರೂ ಕೇಳುವ ಹಾಗೆ ಮಾಡುವುದು ಹೇಗೆ? (ಶಿರಸಿ)

ಉತ್ತರ: ಮೊದಲು ಆ ಸಾವಿರ ವರ್ಷವನ್ನು ಇಳಿಸಿ. ಈ ಆಟದ ನಿಯಮದಲ್ಲಿ ಕುಬ್ಜರ ಆಯುಸ್ಸು ಸುಮಾರು 350 ವರ್ಷ. ಸಾವಿರ ವರ್ಷದ ಹಿಂದಿನ ರಾಜ ಅವರಿಗೂ ಪುರಾಣವೇ. ಅವನಿಗಾಗಿ ಅಳುವವರೂ ಇಲ್ಲ, ಅವನನ್ನು ಬೈಯುವವರೂ ಇಲ್ಲ. 180 ವರ್ಷ ಎಂದು ಇಟ್ಟುಕೊಳ್ಳಿ. ಮನುಷ್ಯರಲ್ಲಿ ಏಳು ತಲೆಮಾರು ಕಳೆದು ಎಲ್ಲರೂ ಮರೆತಿರುತ್ತಾರೆ. ಕುಬ್ಜರಲ್ಲಿ ಮಾತ್ರ ಆ ರಾತ್ರಿ ಬಾಗಿಲು ಕಾದಿದ್ದ ಮುದುಕಿ ಇನ್ನೂ ಒಲೆಯ ಮುಂದೆ ಕುಳಿತಿರುತ್ತಾಳೆ. ಆಟಗಾರರು ಅವಳ ಜತೆ ಒಂದು ಗಳಿಗೆ ಮಾತಾಡಿದರೆ ಸಾಕು, ರಾಜನಿಗೆ ಮುಖ ಬರುತ್ತದೆ.

ಇನ್ನು ಆ ಒಂದು ಲಕ್ಷ. ನಿಯಮದ ಪ್ರಕಾರ 50 ನಾಣ್ಯಕ್ಕೆ ಒಂದು ಪೌಂಡ್. ಲಕ್ಷಕ್ಕೆ 2,000 ಪೌಂಡ್, ಅಂದರೆ 900 ಕಿಲೊಗಿಂತ ತುಸು ಹೆಚ್ಚು. 50 ಕಿಲೊದ ಅಕ್ಕಿ ಮೂಟೆಯ ಲೆಕ್ಕದಲ್ಲಿ 18 ಮೂಟೆ. ಶಕ್ತಿ 16 ಇರುವ ಹೋರಾಟಗಾರ ಹೊರಬಲ್ಲದ್ದು ಅದರ 15 ಪಟ್ಟು, 240 ಪೌಂಡ್. ಅದರಲ್ಲಿ ಕೊಂಡಿಗವಚ ಒಂದೇ 55 ಪೌಂಡ್ ತಿನ್ನುತ್ತದೆ. ಆಯುಧ, ಹಗ್ಗ, ಬುತ್ತಿ ಬೇರೆ. ಉಳಿಯುವ 150 ಪೌಂಡಿನಲ್ಲಿ 7,500 ನಾಣ್ಯ ಹಿಡಿಯುತ್ತದೆ. ಎಲ್ಲರೂ ಅಷ್ಟೇ ಹೊತ್ತರೂ ಲಕ್ಷದ ಮೂರರಲ್ಲಿ ಎರಡು ಪಾಲು ಅಲ್ಲೇ ಉಳಿಯಿತು. ಅದನ್ನು ತರಲು ಹೇಸರಗತ್ತೆ ಬೇಕು, ಆಳು ಬೇಕು. ಆಳು ಬಂದರೆ ಸುದ್ದಿ ಹರಡುತ್ತದೆ. ಸುದ್ದಿ ಹರಡಿದರೆ ವಾರಸುದಾರರು ಬರುತ್ತಾರೆ. ನೀವು ಬಲವಂತ ಮಾಡಬೇಕಾಗಿಯೇ ಇಲ್ಲ, ತೂಕದ ನಿಯಮವನ್ನು ಸಡಿಲ ಬಿಡದೆ ನಡೆಸಿದರೆ ಕಥೆ ತಾನೇ ಬೆಳೆಯುತ್ತದೆ. ಹೆಚ್ಚಿನ ಮನೆಗಳಲ್ಲಿ ಈ ಲೆಕ್ಕವನ್ನು ಕಿರಿಕಿರಿ ಎಂದು ಬಿಟ್ಟುಬಿಡುತ್ತಾರೆ. ನಿಧಿಯ ಕಥೆಗಳು ಸಪ್ಪೆಯಾಗುವುದು ಅಲ್ಲಿಂದಲೇ.

ಅಂದಹಾಗೆ, ಲಕ್ಷ ನಾಣ್ಯ ಕೋಣೆ ತುಂಬುವುದಿಲ್ಲ. ಚಿನ್ನ ನೀರಿಗಿಂತ 19 ಪಟ್ಟು ಭಾರ. 900 ಕಿಲೊ ಗಟ್ಟಿ ಚಿನ್ನ 47 ಲೀಟರು ಜಾಗದಲ್ಲಿ ಕೂರುತ್ತದೆ. ನಾಣ್ಯಗಳ ನಡುವಿನ ಸಂದು ಸೇರಿಸಿದರೂ 80 ಲೀಟರಿನ ಒಳಗೇ. ಒಂದು ಕೊಪ್ಪರಿಗೆ! ಅಜ್ಜಿಕಥೆಗಳಲ್ಲಿ ‘ಏಳು ಕೊಪ್ಪರಿಗೆ ಹೊನ್ನು’ ಎನ್ನುತ್ತಿದ್ದದ್ದು ಎಷ್ಟು ದೊಡ್ಡ ಮಾತು ಎಂದು ಇದರಿಂದ ಗೊತ್ತಾಗುತ್ತದೆ. ಆದ್ದರಿಂದ ಹೊನ್ನಿನ ಬೆಟ್ಟ ಬೇಡ; ಒಂದೇ ಕೊಪ್ಪರಿಗೆ, ಆದರೆ ಅಲುಗಾಡಿಸಲಾಗದ್ದು.

ಈಗ ಮುಖ್ಯ ಮಾತು. ಹಿಸೆ ಪತ್ರ ಬರೆಯುವಾಗ ತೋಟ, ಗದ್ದೆ, ಪಾತ್ರೆಗಳ ಜತೆ ಮನೆಯ ಸಾಲವನ್ನೂ ಹಂಚುತ್ತಾರಲ್ಲ, ರಾಜನ ಗಂಟನ್ನೂ ಹಾಗೇ ಬರೆಯಿರಿ. ಆಸ್ತಿ ಒಂದು ಕಡೆ, ತೀರಿಸದ ಬಾಕಿ ಇನ್ನೊಂದು ಕಡೆ. ಮೂರು ಬಾಕಿ ಸಾಕು. ನಗರಕ್ಕೆ ಮುತ್ತಿಗೆ ಬಿದ್ದಾಗ ಕೆಳಗಿನ ಮನುಷ್ಯರ ಹಳ್ಳಿ ಧಾನ್ಯ ಕೊಟ್ಟಿತ್ತು, ದುಡ್ಡು ಸಂದಿಲ್ಲ. ಬೆಟ್ಟದ ನೀರನ್ನು ಆ ಹಳ್ಳಿಯ ಹಳ್ಳಕ್ಕೆ ಬಿಡುತ್ತೇನೆಂದು ರಾಜ ಆಣೆ ಇಟ್ಟಿದ್ದ, ತೂಬು 180 ವರ್ಷದಿಂದ ಮುಚ್ಚಿದೆ. ಬಾಗಿಲು ಕಾಯಲು ನಿಲ್ಲಿಸಿದ ಹನ್ನೆರಡು ಕಾವಲುಗಾರರಿಗೆ ‘ಇನ್ನು ಹೊರಡಿ’ ಎಂದು ಹೇಳುವವರಿಲ್ಲದೆ ಅವರು ಸತ್ತ ಮೇಲೂ ನಿಂತೇ ಇದ್ದಾರೆ. ಮೂರನೆಯದನ್ನು ಕತ್ತಿಯಿಂದ ಬಗೆಹರಿಸಲು ಬಿಡಬೇಡಿ. ಹೊಡೆದು ಬೀಳಿಸಿದರೆ ಮರುದಿನ ಮತ್ತೆ ಎದ್ದು ನಿಲ್ಲಲಿ. ರಾಜನ ಮುದ್ರೆ ಹಿಡಿದು ಬಿಡುಗಡೆಯ ಮಾತು ಆಡಿದರೆ ಮಾತ್ರ ಹೋಗಲಿ.

ಕ್ರಮ ತಪ್ಪಬಾರದು. ನಿಧಿ ಕೈಗೆ ಬಂದ ಮೇಲೆ ಸಾಲದ ಸುದ್ದಿ ಹೇಳಿದರೆ ಆಟಗಾರರಿಗೆ ಅದು ದಂಡ ಹಾಕಿದ ಹಾಗೆ ಕಾಣುತ್ತದೆ, ನಿಮ್ಮ ಮೇಲೇ ಸಿಟ್ಟಾಗುತ್ತಾರೆ. ಮೊದಲ ಭಾನುವಾರ ಹಳ್ಳಿ, ಬತ್ತಿದ ಹಳ್ಳ, ಸಾಲದ ಕೋಲು, ಎರಡನೆಯ ಭಾನುವಾರ ಬಾಗಿಲು, ಕಾವಲುಗಾರರು, ಖಜಾನೆ ಮೂರಕ್ಕೆ. ಸಾಲದ ಕೋಲನ್ನು ಕೈಯಲ್ಲಿ ಹಿಡಿಯುವ ವಸ್ತುವಾಗಿಯೇ ಮಾಡಿ ಕೊಡಿ. ಯುರೋಪಿನಲ್ಲಿ ನಿಜವಾಗಿ ಬಳಕೆಯಲ್ಲಿದ್ದ ಲೆಕ್ಕದ ಪದ್ಧತಿ ಅದು: ಕೋಲಿನ ಮೇಲೆ ಅಡ್ಡಗೀರು ಕೊಯ್ದು, ಉದ್ದಕ್ಕೆ ಸೀಳಿ, ಅರ್ಧ ಕೊಟ್ಟವನ ಹತ್ತಿರ, ಅರ್ಧ ಪಡೆದವನ ಹತ್ತಿರ. ಬಿದಿರಿನ 15 ಸೆಂಟಿಮೀಟರು ತುಂಡು ಸಾಕು, ಗಂಟಿಲ್ಲದ ಭಾಗವಿರಲಿ. ಕತ್ತಿ ಎಲ್ಲಿ ಸೀಳಬೇಕೋ ಆ ಜಾಗಕ್ಕೆ ಅಡ್ಡಲಾಗಿ ಗೀರು ಹಾಕಿ, ಆಮೇಲೆ ಸೀಳಿ. ಸೀಳಿದ ಮೇಲೆ ಗೀರು ಹಾಕಿದರೆ ಎರಡು ಅರ್ಧ ಎಂದೂ ಕೂಡುವುದಿಲ್ಲ. ಒಂದರ್ಧ ಹಳ್ಳಿಯ ಮುಖ್ಯಸ್ಥೆಯ ಕೈಯಲ್ಲಿ ಕೊಡಿ, ಇನ್ನೊಂದು ಕೊಪ್ಪರಿಗೆಯ ತಳದಲ್ಲಿರಲಿ. ಮೇಜಿನ ಮೇಲೆ ಅವೆರಡು ಕೂಡಿದಾಗ ಯಾರೂ ‘ರಾಜ ಯಾರು?’ ಎಂದು ಕೇಳದೆ ಇರುವುದಿಲ್ಲ.

ಆಟಗಾರರ ಪಾತ್ರಗಳನ್ನು ಮೇಲಿನ ಹಂತಕ್ಕೆ ಏರಿಸುವುದನ್ನೂ ಬಾಕಿ ತೀರಿದ್ದಕ್ಕೇ ಕಟ್ಟಿ. ಒಂದು ಬಾಕಿ ತೀರಿದರೆ ಒಂದು ಹಂತ. ತಾಳಮದ್ದಳೆ ಕೇಳಿ ಬೆಳೆದ ಊರು ನಿಮ್ಮದು. ವೇಷವಿಲ್ಲದೆ, ಕುಳಿತಲ್ಲೇ, ಆ ಗಳಿಗೆಗೆ ಹುಟ್ಟಿದ ಮಾತಿನಲ್ಲಿ ರಾಜನನ್ನು ಎದುರಿಗೆ ತಂದು ನಿಲ್ಲಿಸುವುದನ್ನು ನಿಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಕೊನೆಯಲ್ಲಿ ರಾಜನ ಪ್ರೇತವನ್ನು ಬರಮಾಡಿ ಒಬ್ಬ ಆಟಗಾರನಿಗೇ ಆ ಪಾತ್ರ ಕೊಡಿ. ಇನ್ನೊಬ್ಬ ಎದುರು ಅರ್ಥ ಹೇಳಲಿ. ಹದಿನೈದು ನಿಮಿಷ ದಾಳ ಮುಟ್ಟಬೇಡಿ.

ಪ್ರಶ್ನೆ: ಪಾಳುಬಿದ್ದ ನೆಲದಡಿಯ ನಗರವನ್ನು ವರ್ಣಿಸಲು ಹೊರಟರೆ ‘ಕತ್ತಲೆ, ಜೇಡರ ಬಲೆ, ಮುರಿದ ಕಂಬ’ ಅಷ್ಟಕ್ಕೇ ನಿಲ್ಲುತ್ತದೆ. ನಗರ ಹೇಗೆ ಬಿತ್ತು ಎಂದು ಕೇಳಿದರೆ ‘ಡ್ರ್ಯಾಗನ್ ಬಂತು’ ಎನ್ನುತ್ತೇನೆ. ಬೇರೆ ಏನಾದರೂ ಇದೆಯೇ? (ಕುಮಟಾ)

ಉತ್ತರ: ಪಾಳುಬಿದ್ದದ್ದು ಹೇಗಿರುತ್ತದೆ ಎಂದು ನೋಡಲು ನಿಮಗೆ ದೂರ ಹೋಗಬೇಕಾಗಿಲ್ಲ. ಅಘನಾಶಿನಿಯ ದಡದ ಮಿರ್ಜಾನ್ ಕೋಟೆಗೆ ಒಂದು ನೋಟ್‌ಬುಕ್ ಹಿಡಿದು ಹೋಗಿ. ಚಿರೆಕಲ್ಲಿನ ಗೋಡೆಯಲ್ಲಿ ಯಾವುದು ಮೊದಲು ಹೋಗಿದೆ, ಯಾವುದು ಉಳಿದಿದೆ ಎಂದಷ್ಟೇ ಬರೆದುಕೊಳ್ಳಿ. ಮರ, ಹೆಂಚು, ಬಾಗಿಲು ಮೊದಲು ಹೋಗುತ್ತವೆ. ಬಾವಿ, ಕಂದಕ, ಮೆಟ್ಟಿಲು ಕೊನೆಯವರೆಗೆ ಇರುತ್ತವೆ. ನಿಮ್ಮ ಕುಬ್ಜನಗರದಲ್ಲೂ ಸಿಂಹಾಸನ ಪುಡಿಯಾಗಿರಲಿ, ಬಾವಿಯ ಕಟ್ಟೆ ಮಾತ್ರ ಹಗ್ಗ ಉಜ್ಜಿದ ಗುರುತಿನ ಸಮೇತ ಉಳಿದಿರಲಿ. ಅದೇ ಕೋಟೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಗೇರುಸೊಪ್ಪೆಯ ರಾಜ್ಯ ಆಳಿದವಳು. ಕೆಳದಿಯವರ ಕೈಯಲ್ಲಿ ರಾಜ್ಯ ಹೋಯಿತು. ‘ಕರಿಮೆಣಸಿನ ರಾಣಿ’ ಎಂದು ಪೋರ್ಚುಗೀಸರು ಇಟ್ಟ ಹೆಸರು ಇನ್ನೂ ಹೋಗಿಲ್ಲ. ನಿಮ್ಮ ರಾಜನಿಗೂ ಅವನ ಸರಕು ಕೊಂಡವರು, ಅವನ ಜತೆ ಜಗಳವಾಡಿದವರು ಇಟ್ಟ ಒಂದು ಹೆಸರಿರಲಿ. ಬಿದ್ದವರ ಹೆಸರು ಹೆಚ್ಚಾಗಿ ಉಳಿಯುವುದು ಹೊರಗಿನವರ ಬಾಯಲ್ಲೇ.

ಎತ್ತರ ಹೇಳುವಾಗ ಅಂಕಿ ಹೇಳಬೇಡಿ. ‘300 ಅಡಿ ಎತ್ತರದ ಸಭಾಂಗಣ’ ಯಾರ ಕಣ್ಣಿಗೂ ಕಟ್ಟುವುದಿಲ್ಲ. ಯಾಣದ ಮೋಹಿನಿ ಶಿಖರ 90 ಮೀಟರು. ‘ಮೋಹಿನಿ ಶಿಖರವನ್ನು ಒಳಗೆ ನಿಲ್ಲಿಸಿದರೂ ಮಾಡು ತಾಗದು’ ಎನ್ನಿ, ನಿಮ್ಮ ಮೇಜಿನ ಸುತ್ತ ಕುಳಿತವರ ಕತ್ತು ತಾನಾಗಿ ಮೇಲೇಳುತ್ತದೆ. ಆಮೇಲೆ ನಿಯಮ ನೆನಪಿಸಿ: ಪಂಜಿನ ಬೆಳಕು 20 ಅಡಿ, ಮಬ್ಬು ಇನ್ನೂ 20 ಅಡಿ. ಆ ಮಾಡನ್ನು ಅವರು ನೋಡುವುದೇ ಇಲ್ಲ. ಆಡಿದ ಮಾತು ತಡವಾಗಿ ತಿರುಗಿ ಬರುವುದರಿಂದ ಅದು ಇದೆ ಎಂದು ಗೊತ್ತಾಗಬೇಕು.

ಬಿದ್ದದ್ದು ಹೇಗೆ ಎಂಬುದಕ್ಕೆ ಗಣಿಗಳು ನಿಜವಾಗಿ ಸಾಯುವ ಎರಡು ದಾರಿಗಳನ್ನು ತೆಗೆದುಕೊಳ್ಳಿ: ನೀರು ಮತ್ತು ಗಾಳಿ.

ಹೀರಿ ಎತ್ತುವ ಪಂಪು ನೀರನ್ನು 10 ಮೀಟರಿಗಿಂತ ಮೇಲೆ ಎತ್ತಲಾರದು. ನೀರನ್ನು ಮೇಲೆ ದೂಡುವುದು ಹೊರಗಿನ ಗಾಳಿಯ ಒತ್ತಡ, ಆ ಒತ್ತಡಕ್ಕೆ ಅಷ್ಟೇ ಬಲ. 90 ಮೀಟರು ಆಳದ ಗಣಿ ಒಣಗಿರಬೇಕಾದರೆ ಒಂದರ ಮೇಲೊಂದು ಹತ್ತು ಪಂಪು ಬೇಕು. ಕೆಳಗಿನದು ಎತ್ತಿ ತೊಟ್ಟಿಗೆ ಸುರಿದರೆ ಮೇಲಿನದು ಅಲ್ಲಿಂದ ಎತ್ತುತ್ತದೆ. ನಡುವಿನ ಒಂದು ನಿಂತರೆ ಅದರ ಕೆಳಗಿನದೆಲ್ಲ ಮುಳುಗುತ್ತದೆ. ಈಗ ರಾಜ ಯುದ್ಧಕ್ಕೆಂದು ಐದನೆಯ ಪಂಪಿನ ಆಳುಗಳನ್ನು ಮೇಲಕ್ಕೆ ಕರೆಸಿದ ಎಂದುಕೊಳ್ಳಿ. ಯುದ್ಧ ಗೆದ್ದ, ನಗರ ಮುಳುಗಿತು. ಡ್ರ್ಯಾಗನ್ ಬಂದು ಸುಟ್ಟದ್ದಕ್ಕಿಂತ ಇದು ಎಷ್ಟೋ ಗಟ್ಟಿ. ರಾಜನ ತಪ್ಪು ಇದೆ, ಆದರೆ ಅವನನ್ನು ಬಾಯಿತುಂಬ ಬೈಯಲೂ ಆಗುವುದಿಲ್ಲ. ಬುದ್ಧಿವಂತ ರಾಜನಾಗಿದ್ದರೆ ಪಂಪನ್ನೇ ನಂಬದೆ ಬೆಟ್ಟದ ಬುಡದಿಂದ ಹೊರಕ್ಕೆ ತುಸು ಇಳಿಜಾರಿನ ನೀರ್ಗಾಲುವೆ ಕೊರೆಸುತ್ತಿದ್ದ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡದ ಸುರಂಗಗಳಲ್ಲಿ ನೀರು ತಾನಾಗಿ ಹೊರಗೆ ಹರಿದು ಬರುವುದು ಆ ಇಳಿಜಾರಿನಿಂದಲೇ. ಅರ್ಧಕ್ಕೆ ನಿಂತ ಅಂಥ ಒಂದು ಕಾಲುವೆ ನಿಮ್ಮ ಆಟಗಾರರಿಗೆ ಕಳ್ಳದಾರಿಯೂ ಆಗುತ್ತದೆ, ಉಳಿದ ನಾಲ್ಕು ಮೊಳ ಕೊರೆದರೆ ನಗರವನ್ನೇ ಬರಿದು ಮಾಡುವ ಉಪಾಯವೂ ಆಗುತ್ತದೆ.

ಗಾಳಿಯ ವಿಷಯ ಇನ್ನೂ ಸ್ವಾರಸ್ಯದ್ದು. ಬಾವಿ ತೋಡುವವರು ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ. ಗಾಳಿಯಲ್ಲಿ ಆಮ್ಲಜನಕ ಸಾಮಾನ್ಯವಾಗಿ ನೂರಕ್ಕೆ 21 ಪಾಲು. ಅದು 16–17ಕ್ಕೆ ಇಳಿದಾಗ ದೀಪ ಆರುತ್ತದೆ. ಮನುಷ್ಯ ಆಗಿನ್ನೂ ನಿಂತಿರುತ್ತಾನೆ, ತಿರುಗಿ ಬರಲು ಸಮಯವಿರುತ್ತದೆ. ಕೆಟ್ಟ ಗಾಳಿ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಬೆಂಕಿ ಹಿಡಿಯುವ ಗಾಳಿ ಹಗುರ, ಮಾಡಿನ ಹತ್ತಿರ ಸೇರುತ್ತದೆ. ಈಗ ಆಟದ ನಿಯಮ ನೋಡಿ. ‘ಕಂಟಿನ್ಯುಯಲ್ ಫ್ಲೇಮ್’ ಮಂತ್ರದ ಜ್ವಾಲೆಗೆ ಗಾಳಿಯೇ ಬೇಡ, ಆದ್ದರಿಂದ ಅದು ಎಚ್ಚರಿಕೆ ಕೊಡುವುದಿಲ್ಲ. ಕುಬ್ಜರು ಕತ್ತಲಲ್ಲೂ ಕಾಣುವವರು, ಅವರು ದೀಪವನ್ನೇ ಹಿಡಿಯುವುದಿಲ್ಲ. ಹಾಗಾದರೆ ಕುಬ್ಜನಗರದ ಪ್ರತಿ ಓಣಿಯ ತಿರುವಿನಲ್ಲಿ, ಮೊಣಕಾಲೆತ್ತರದಲ್ಲಿ, ಎಣ್ಣೆದೀಪದ ಗೂಡು ಏಕಿದೆ? ಆಟಗಾರರು ತಾವೇ ಕಂಡುಕೊಳ್ಳಲಿ. ಕಂಡುಕೊಳ್ಳದೆ ಮಂತ್ರದ ಬೆಳಕು ಹಿಡಿದು ತಗ್ಗಿಗೆ ಇಳಿದರೆ ಪ್ರತಿ 10 ನಿಮಿಷಕ್ಕೊಮ್ಮೆ ದೇಹಶಕ್ತಿಯ (ಕಾನ್‌ಸ್ಟಿಟ್ಯೂಷನ್) ದಾಳ ಹಾಕಿಸಿ. ಮೊದಲ ಸಲ 10 ದಾಟಿದರೆ ಸಾಕು, ಪ್ರತಿ ಸಲ ಎರಡು ಏರಿಸುತ್ತ ಹೋಗಿ, ತಪ್ಪಿದಾಗಲೆಲ್ಲ ಒಂದು ಹಂತ ಬಳಲಿಕೆ. ಬಳಲಿಕೆಯ ಆರನೆಯ ಹಂತ ಸಾವು. ಮೊದಲನೆಯದಕ್ಕೇ ಎಲ್ಲರೂ ಹಿಂದಿರುಗುತ್ತಾರೆ, ಹೆದರಬೇಡಿ.

ಪ್ರಶ್ನೆ: ಕನ್ನಡದಲ್ಲಿ ಆಡುವಾಗ ‘ಡ್ವಾರ್ಫ್’ ಎನ್ನಬೇಕೋ, ಕುಳ್ಳ ಎನ್ನಬೇಕೋ? (ಹೊನ್ನಾವರ)

ಉತ್ತರ: ‘ಕುಳ್ಳ’, ‘ಗಿಡ್ಡ’ ಬೇಡವೇ ಬೇಡ. ನಮ್ಮ ನಡುವೆ ಇರುವ ಎತ್ತರ ಕಡಿಮೆಯ ಜನರನ್ನು ಚುಡಾಯಿಸಲು ಬಳಸುವ ಮಾತು ಅವು. ಆಟದ ಮೇಜಿನಲ್ಲಿ ರೂಢಿಯಾದದ್ದು ಬೀದಿಗೂ ಬರುತ್ತದೆ. ‘ಕುಬ್ಜ’ ಸರಿಹೋಗುತ್ತದೆ, ಈ ಪುಟದಲ್ಲಿ ಅದನ್ನೇ ಬಳಸಿದ್ದೇವೆ. ರಾಜಮನೆತನದ ಹೆಸರಿಗೆ ‘ಖರ್ವ’ ಎಂಬ ಸಂಸ್ಕೃತ ಪದವನ್ನೂ ನೋಡಿ. ಗಿಡ್ಡ ದೇಹದವನು ಎಂದು ಅದರ ಅರ್ಥ, ಜತೆಗೆ ಕುಬೇರನ ನವನಿಧಿಗಳಲ್ಲಿ ಒಂದರ ಹೆಸರೂ ಅದೇ. ಇದಕ್ಕಿಂತ ಒಪ್ಪುವ ಮನೆತನದ ಹೆಸರು ಸಿಗುವುದು ಕಷ್ಟ.

ಪ್ರಶ್ನೆ: ಬಿದ್ದ ಕುಬ್ಜರಾಜ ಎಂಬುದು ಇತ್ತೀಚಿನ ಕಥೆಗಾರರ ಕಲ್ಪನೆಯೇ, ಹಳೆಯ ಪುರಾಣಗಳಲ್ಲೂ ಇದೆಯೇ? ಇದ್ದರೆ ಆಟಕ್ಕೆ ಒದಗುವಂಥದ್ದು ಯಾವುದು? (ಸಿದ್ದಾಪುರ)

ಉತ್ತರ: ಧಾರಾಳವಾಗಿ ಇದೆ. ಆಲ್ಪ್ಸ್ ಸೀಮೆಯ ಲೌರಿನ್ ರಾಜನಿಂದ ಶುರುಮಾಡಿ. 13ನೆಯ ಶತಮಾನದ ಜರ್ಮನ್ ಕಾವ್ಯದಲ್ಲಿ ಬರುವ ಕುಬ್ಜರಾಜ ಅವನು. ಬೆಟ್ಟದ ಮೇಲೆ ಗುಲಾಬಿ ತೋಟ, ಅದಕ್ಕೆ ಬೇಲಿ ಒಂದೇ ಒಂದು ರೇಷ್ಮೆ ಎಳೆ. ಎಳೆ ಹರಿದು ಒಳಬಂದವನು ಒಂದು ಕೈ, ಒಂದು ಕಾಲು ತೆರಬೇಕು. ಅವನ ಸೊಂಟದ ಪಟ್ಟಿಗೆ ಹನ್ನೆರಡು ಆಳಿನ ಬಲ. ಹೊದ್ದವನನ್ನು ಕಾಣದಂತೆ ಮಾಡುವ ಹೊದಿಕೆಯೂ ಇತ್ತು. ಬೆರ್ನ್‌ನ ಡೀಟ್ರಿಕ್ ಎಂಬ ವೀರ ಪಟ್ಟಿ ಕಿತ್ತು ಅವನನ್ನು ಸೋಲಿಸಿದ. ಟಿರೋಲಿನ ಜನ ಹೇಳುವ ಕಥೆಯಲ್ಲಿ, ಹೊದಿಕೆ ಹೊದ್ದು ಓಡುವಾಗ ಗುಲಾಬಿಗಳು ಅಲುಗಾಡಿ ಅವನು ಸಿಕ್ಕಿಬಿದ್ದ. ತನ್ನ ತೋಟವೇ ತನ್ನನ್ನು ತೋರಿಸಿಕೊಟ್ಟಿತೆಂದು ಸಿಟ್ಟಿನಿಂದ ಶಪಿಸಿದ: ಹಗಲಲ್ಲೂ ಇರುಳಲ್ಲೂ ಈ ಗುಲಾಬಿ ಯಾರಿಗೂ ಕಾಣದಿರಲಿ. ಮುಸ್ಸಂಜೆಯನ್ನು ಹೇಳಲು ಮರೆತ. ಅದಕ್ಕೇ ಡೊಲೊಮೈಟ್ ಬೆಟ್ಟಸಾಲು ಮುಸ್ಸಂಜೆಗೆ ಕೆಂಪಗೆ ಹೊಳೆಯುತ್ತದೆ ಎನ್ನುತ್ತಾರೆ.

ಆಟ ನಡೆಸುವವರು ಇಲ್ಲಿ ಗಮನಿಸಬೇಕಾದದ್ದು ಆ ಮರೆತ ಮುಸ್ಸಂಜೆಯನ್ನು. ಶಾಪದ ಮಾತಿನಲ್ಲಿ ಒಂದು ಸಂದು. ನಿಮ್ಮ ರಾಜನ ಬಾಗಿಲಿನ ಮೇಲೆ ‘ಒಳಗಿನವರಿಗೂ ಹೊರಗಿನವರಿಗೂ ತೆರೆಯದು’ ಎಂದು ಬರೆದಿದ್ದರೆ, ಹೊಸ್ತಿಲ ಮೇಲೆ ನಿಂತವರಿಗೆ ತೆರೆಯುತ್ತದೆ. ಹಿರಣ್ಯಕಶಿಪುವಿನ ಕಥೆ ಕೇಳಿದ ನಮ್ಮವರು ಇದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಬಿಡಿಸುತ್ತಾರೆ, ಆದ್ದರಿಂದ ಹೊಸ್ತಿಲನ್ನು ತುಸು ಬಚ್ಚಿಡಿ.

ಉತ್ತರ ಯುರೋಪಿನ ಅಂದ್ವಾರಿ ರಾಜನಲ್ಲ, ಆದರೆ ಬಾಕಿ ಎಂದರೇನು ಎಂದು ಅವನಷ್ಟು ಚೆನ್ನಾಗಿ ಹೇಳುವವರಿಲ್ಲ. ಮೀನಿನ ರೂಪದಲ್ಲಿ ಜಲಪಾತದಡಿ ಇದ್ದ ಈ ಕುಬ್ಜನ ಚಿನ್ನವನ್ನೆಲ್ಲ ಲೋಕಿ ಎಂಬ ದೇವತೆ ಕಿತ್ತುಕೊಂಡ, ಬೆರಳಿನ ಉಂಗುರವನ್ನೂ ಬಿಡಲಿಲ್ಲ. ಅಂದ್ವಾರಿ ಅದಕ್ಕೆ ಶಾಪ ಹಾಕಿದ. ಆ ಚಿನ್ನ ದೇವತೆಗಳು ಕೊಂದ ಒಬ್ಬನ ಜೀವಕ್ಕೆ ಪರಿಹಾರವಾಗಿ ಹೋಗಬೇಕಿತ್ತು. ನೀರುನಾಯಿಯ ರೂಪದಲ್ಲಿದ್ದ ಅವನ ಚರ್ಮವನ್ನು ಪೂರ್ತಿ ಚಿನ್ನದಿಂದ ಮುಚ್ಚಬೇಕು. ಮುಚ್ಚಿದರು. ಮೀಸೆಯ ಒಂದು ಕೂದಲು ಮಾತ್ರ ಕಾಣುತ್ತಿತ್ತು. ಅದನ್ನು ಮುಚ್ಚಲು ಉಂಗುರ ಇಡಬೇಕಾಯಿತು. ಶಾಪ ಆ ಮನೆಗೆ ದಾಟಿತು. ಮಗ ತಂದೆಯನ್ನು ಕೊಂದ.

ಮೂರನೆಯವನು ನಮ್ಮವನೇ, ಕುಬೇರ. ಶಿಲ್ಪದಲ್ಲಿ ಅವನನ್ನು ಗಿಡ್ಡ ದೇಹ, ದೊಡ್ಡ ಹೊಟ್ಟೆಯವನಾಗಿ ಕೆತ್ತುತ್ತಾರೆ. ನಿಧಿ ಕಾಯುವ ಯಕ್ಷರ ಒಡೆಯ. ಲಂಕೆ ಮೊದಲು ಅವನದು. ತಮ್ಮನಾದ ರಾವಣ ಓಡಿಸಿ, ಪುಷ್ಪಕವನ್ನೂ ಕಸಿದುಕೊಂಡ. ರಾಮ ಅಯೋಧ್ಯೆಗೆ ಬಂದಿಳಿದ ಮೇಲೆ ಪುಷ್ಪಕವನ್ನು ಕುಬೇರನಿಗೇ ಹಿಂದೆ ಕಳಿಸುತ್ತಾನೆ. ಗೆದ್ದವನು ಇಟ್ಟುಕೊಳ್ಳಲಿಲ್ಲ. ಆಟಗಾರರ ಮುಂದೆ ಇಡಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ದೊಡ್ಡದು ನಮಗೆ ಗೊತ್ತಿಲ್ಲ: ರಾಜನ ಮನೆಯವರು ಇನ್ನೂ ಬದುಕಿದ್ದಾರೆ, ವಸ್ತು ನಿಮ್ಮ ಕೈಯಲ್ಲಿದೆ, ಏನು ಮಾಡುತ್ತೀರಿ?

ಪ್ರಶ್ನೆ: ರಾಜನ ಕೊಡಲಿಗೆ ಶಾಪ ಇಟ್ಟಿದ್ದೆ. ಐದನೆಯ ಹಂತದ ಪುರೋಹಿತ ಒಂದೇ ಮಂತ್ರದಲ್ಲಿ ಬಿಡಿಸಿಬಿಟ್ಟ. ಆರು ವಾರದ ತಯಾರಿ ನೀರಿಗೆ ಹೋಯಿತು. (ಅಂಕೋಲಾ)

ಉತ್ತರ: ಅದು ನಿಯಮದಲ್ಲೇ ಇದೆ. ‘ರಿಮೂವ್ ಕರ್ಸ್’ ಮೂರನೆಯ ಮಟ್ಟದ ಮಂತ್ರ, ಪುರೋಹಿತನಿಗೆ ಐದನೆಯ ಹಂತದಲ್ಲಿ ಸಿಗುತ್ತದೆ. ಶಾಪದ ವಸ್ತುವಿಗೂ ಅದನ್ನು ಹಿಡಿದವನಿಗೂ ಇರುವ ನಂಟನ್ನು ಅದು ಕಡಿದುಹಾಕುತ್ತದೆ. ಹಾಗಾಗಿ ಐದರ ಮೇಲಿನ ತಂಡಕ್ಕೆ ಶಾಪದ ಕಥೆ ಹೆಣೆದು ಪ್ರಯೋಜನವಿಲ್ಲ. ಕೊಡಲಿಯನ್ನು ಶಾಪಕ್ಕೆ ಕಟ್ಟುವ ಬದಲು ಹೊಣೆಗೆ ಕಟ್ಟಿ.

ಶುರುವಿಗೆ ಅದು +1 ಕೊಡಲಿ (ಪೆಟ್ಟಿನ ದಾಳಕ್ಕೆ ಒಂದು ಕೂಡಿಸುವಂಥದ್ದು), ಅಷ್ಟೇ. ಅಲಗಿನ ಮೇಲೆ ಮೂರು ಹೆಸರು ಉಜ್ಜಿಹಾಕಿದ ಗುರುತು. ಅದರ ಜತೆ ನಂಟು ಬೆಳೆಸಲು ಎಂದಿನಂತೆ ಒಂದು ಗಂಟೆಯ ಸಣ್ಣ ವಿಶ್ರಾಂತಿ. ಒಬ್ಬ ಪಾತ್ರಧಾರಿಗೆ ಒಟ್ಟು ಮೂರು ವಸ್ತುಗಳ ನಂಟು ಮಾತ್ರ ಎಂಬುದನ್ನು ಮರೆಯಬೇಡಿ, ಕೊಡಲಿಗಾಗಿ ಇನ್ನೊಂದನ್ನು ಬಿಡಬೇಕಾಗಿ ಬಂದರೆ ಅದೇ ಒಂದು ಬೆಲೆ. ರಾಜನ ಮೊದಲ ಬಾಕಿ ತೀರಿದಾಗ ಒಂದು ಹೆಸರು ಮೂಡಿ +2 ಆಗಲಿ. ಕೊನೆಯದು ತೀರಿದಾಗ +3, ಆದರೆ ಹನ್ನೊಂದನೆಯ ಹಂತಕ್ಕೆ ಮುಂಚೆ ಬೇಡ. +3 ತೀರ ಅಪರೂಪದ ಆಯುಧ, ಬೇಗ ಕೊಟ್ಟರೆ ಪೆಟ್ಟು ತಪ್ಪುವುದೇ ನಿಂತು ಕಾದಾಟದ ಬಿಸಿ ಆರುತ್ತದೆ. ಹೊತ್ತವನು ಬಾಕಿಯನ್ನು ಗೊತ್ತಿದ್ದೂ ಮುರಿದರೆ ಹೆಸರು ಮತ್ತೆ ಅಳಿಯಲಿ, ಒಂದು ಮೆಟ್ಟಿಲು ಕೆಳಗೆ. ಇದು ಶಾಪವಲ್ಲವಾದ್ದರಿಂದ ಯಾವ ಮಂತ್ರವೂ ಬಿಡಿಸದು.

ಪ್ರಶ್ನೆ: ರಾಜನ ಕಿರೀಟವನ್ನು ನಿಜವಾಗಿ ಮಾಡಿ ಮೇಜಿನ ಮೇಲಿಡಬೇಕೆಂದಿದ್ದೇವೆ. ಅಡಿಕೆ ಹಾಳೆಯಲ್ಲಿ ಮಾಡಿದರೆ ಒಡೆಯುತ್ತಿದೆ. ಬಣ್ಣವೂ ಬಿಳಿಚಿಕೊಂಡಿತು. ಮಿನಿಯೇಚರ್‌ಗಳ ಬುಡಕ್ಕೆ ತುಕ್ಕು ಬೇರೆ. (ಕಾರವಾರ)

ಉತ್ತರ: ಹಾಳೆ ಒಳ್ಳೆಯ ಆಯ್ಕೆ, ಬಿಡಬೇಡಿ. ಒಡೆಯುವುದಕ್ಕೆ ಕಾರಣ ಎರಡು: ನೆನೆದದ್ದು ಸಾಲದು, ನಾರಿನ ದಿಕ್ಕು ನೋಡಿಲ್ಲ.

ಕಪ್ಪು ಚುಕ್ಕೆಯಿಲ್ಲದ, ಈಚೆಗೆ ಬಿದ್ದ ಅಗಲದ ಹಾಳೆ ಆರಿಸಿ, ತಿಕ್ಕಿ ತೊಳೆದು, ಬಾಗಿಸಿದರೆ ಸದ್ದು ಬಾರದಷ್ಟು ನೆನೆಸಿ. ಅರ್ಧ ಗಂಟೆಗೆ ‘ಚಟ್’ ಎಂದರೆ ಇನ್ನರ್ಧ ಗಂಟೆ ಬಿಡಿ. ದೊಡ್ಡವರ ತಲೆಯ ಸುತ್ತಳತೆ 56ರಿಂದ 58 ಸೆಂಟಿಮೀಟರು. ಹಾಳೆಯ ಉದ್ದಕ್ಕೆ 62 ಸೆಂಟಿಮೀಟರು, ಅಗಲ 7 ಇರುವ ಪಟ್ಟಿ ಕತ್ತರಿಸಿದರೆ ಒಂದರ ಮೇಲೊಂದು ಕೂರಲು ಜಾಗ ಸಿಗುತ್ತದೆ. 18 ಸೆಂಟಿಮೀಟರು ಅಡ್ಡಳತೆಯ ಪಾತ್ರೆಗೆ, ನುಣ್ಣನೆಯ ಮೈ ಒಳಗೆ ಬರುವಂತೆ, ನಿಧಾನ ಸುತ್ತಿ ಬಟ್ಟೆಪಟ್ಟಿಯಿಂದ ಕಟ್ಟಿ. ತೆಳು ದಾರ ಕಟ್ಟಿದರೆ ಗೆರೆ ಬೀಳುತ್ತದೆ. ಎರಡು ದಿನ ನೆರಳಲ್ಲಿ, ಆಮೇಲೆ ಬಿಸಿಲು. ಮೊದಲೇ ಬಿಸಿಲಿಗಿಟ್ಟರೆ ಅಂಚು ಸುರುಳಿಯಾಗುತ್ತದೆ.

ಕಿರೀಟದ ಮೊನೆಗಳನ್ನು ಅದೇ ಪಟ್ಟಿಯಲ್ಲಿ ಕೊರೆಯಬೇಡಿ. ಅಲ್ಲಿ ನಾರು ಅಡ್ಡಕ್ಕೆ ಓಡುವುದರಿಂದ ಮೊನೆ ಬುಡದಲ್ಲೇ ಮುರಿಯುತ್ತದೆ. ನಿಮ್ಮದೂ ಅಲ್ಲೇ ಮುರಿದಿರಬೇಕು. ನಾರು ನೆಟ್ಟಗೆ ನಿಲ್ಲುವಂತೆ ಬೇರೆ ತುಂಡುಗಳನ್ನು, ಇನ್ನೂ ಹಸಿ ಇರುವಾಗಲೇ, ಕತ್ತರಿಸಿ ಪಟ್ಟಿಯ ಒಳಬದಿಗೆ ಫೆವಿಕಾಲ್‌ನಿಂದ ಅಂಟಿಸಿ, ಬಟ್ಟೆ ಕ್ಲಿಪ್ಪು ಹಾಕಿ ಒಂದು ಇಡೀ ದಿನ ಬಿಡಿ. ಕುಬ್ಜರ ಕಿರೀಟ ಯಕ್ಷಗಾನದ ಕಿರೀಟದಂತೆ ಎತ್ತರಕ್ಕೆ ಏರಬಾರದು. ಸುರಂಗದ ಮಾಡಿಗೆ ತಾಗದಂತೆ ತಗ್ಗು, ಚೌಕ, ದಪ್ಪ. ಮೊನೆ ಪಟ್ಟಿಯ ಮೇಲೆ 4 ಸೆಂಟಿಮೀಟರು ಎದ್ದರೆ ಸಾಕು. ಹರಳಿಗೆ ಗಾಜಿನ ಮಣಿ ಬಳಸಿ. ಗುಲಗಂಜಿ ನೋಡಲು ಚಂದ, ಆದರೆ ಅಗಿದರೆ ವಿಷ. ಮಕ್ಕಳು ಮುಟ್ಟುವ ವಸ್ತುವಿಗೆ ಬೇಡ.

ಬಣ್ಣ ಬಿಳಿಚಿದ್ದು ಸ್ಪ್ರೇ ವಾರ್ನಿಷಿನಿಂದ. ಅದರ ದ್ರಾವಕ ಆರುವಾಗ ಮೈ ತಣ್ಣಗಾಗಿ ಒದ್ದೆ ಹವೆಯ ತೇವ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಸ್ಪ್ರೇ ಮುಟ್ಟಬೇಡಿ. ನೀರಿನಲ್ಲಿ ಕಲೆಸುವ ವಾರ್ನಿಷನ್ನು ಬ್ರಷ್ಷಿನಿಂದ ತೆಳ್ಳಗೆ ಎರಡು ಸಲ ಹಚ್ಚಿ. ಅದಕ್ಕೂ ಮೊದಲಿನ ಬಣ್ಣಕ್ಕೆ ಅಕ್ರಿಲಿಕ್ ಸಾಕು. ಕಪ್ಪು ಬಳಿದು ಆರಿಸಿ, ಅದರ ಮೇಲೆ ತಾಮ್ರ. ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಎನ್ನುವಾಗ ಉಬ್ಬುಗಳ ಮೇಲೆ ಸವರಿ. ಕೊನೆಗೆ ಹಸಿರಿಗೆ ಬಿಳಿ, ಬಹಳ ನೀರು ಸೇರಿಸಿ ಸಂದುಗಳಿಗೆ ಹರಿಬಿಡಿ. 180 ವರ್ಷ ಒದ್ದೆಯಲ್ಲಿ ಬಿದ್ದಿದ್ದ ತಾಮ್ರದ ಕಿಲುಬು ಅದೇ ಬಣ್ಣ. ಚಿನ್ನದ ಬಣ್ಣ ಹಚ್ಚಬೇಕೆಂದಿದ್ದರೆ ಅಡಿಗೆ ಕೆಂಗಂದು ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ಕಿನ ಹಳದಿಯಾಗುತ್ತದೆ.

ತುಕ್ಕು ಹಿಡಿದದ್ದು ಬೊಂಬೆಗಲ್ಲ, ಅದರ ಬುಡದ ಕಬ್ಬಿಣದ ವಾಷರಿಗೆ. ಬೊಂಬೆಯ ತವರದ ಮಿಶ್ರಲೋಹಕ್ಕೆ ತುಕ್ಕು ಬಾರದು. ವಾಷರನ್ನು ಉಜ್ಜಿ, ಎಲ್ಲ ಬದಿಗೂ ವಾರ್ನಿಷ್ ಹಚ್ಚಿ ಆಮೇಲೆ ಅಂಟಿಸಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕಿರೀಟಕ್ಕೆ ಬೂಸು ಬಾರದಿರಲು ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟವೇ ಸರಿಯಾದ ಜಾಗ.

ಪ್ರಶ್ನೆ: ನಾನು ಏಳನೇ ತರಗತಿ. ನಮ್ಮಲ್ಲಿ 20 ಮುಖದ ದಾಳ ಸಿಗುವುದಿಲ್ಲ. ಲೂಡೋ ದಾಳದಲ್ಲಿ ಕುಬ್ಜರಾಜನ ಆಟ ಆಡಬಹುದಾ? (ಯಲ್ಲಾಪುರ)

ಉತ್ತರ: ಆಡಬಹುದು ತಮ್ಮ. ಮೂರು ಲೂಡೋ ದಾಳ ಒಟ್ಟಿಗೆ ಹಾಕಿ ಕೂಡಿಸು. ಸರಾಸರಿ 10.5 ಬರುತ್ತದೆ, 20 ಮುಖದ ದಾಳದ ಸರಾಸರಿಯೂ ಅಷ್ಟೇ. ಒಂದು ವ್ಯತ್ಯಾಸ ಇದೆ: ಮೂರು ದಾಳದಲ್ಲಿ ನಡುವಿನ ಅಂಕಿಗಳು ಹೆಚ್ಚು ಬೀಳುತ್ತವೆ, ತುದಿಯವು ಕಡಿಮೆ. 20 ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬೀಳುವುದು ನೂರಕ್ಕೆ 30 ಸಲ. ಮೂರು ದಾಳದಲ್ಲಿ 9 ಸಲ ಮಾತ್ರ. ಅದಕ್ಕೇ ಪುಸ್ತಕದಲ್ಲಿ 15 ಬೇಕು ಎಂದಿದ್ದರೆ ನೀನು 13 ಇಟ್ಟುಕೊ, ನೂರಕ್ಕೆ 26 ಸಲ ಸಿಗುತ್ತದೆ. 10 ಬೇಕು ಎಂದಲ್ಲಿ 10 ಇರಲಿ. 20 ಬಿದ್ದರೆ ಭಾರೀ ಪೆಟ್ಟು ಎಂಬ ನಿಯಮಕ್ಕೆ 16 ಅಥವಾ ಹೆಚ್ಚು ಎಂದು ಇಟ್ಟುಕೊ. ಎರಡೂ ಹತ್ತಿರ ಹತ್ತಿರ ನೂರಕ್ಕೆ 5.

ಮೂರರಲ್ಲೂ ಆರು ಬೀಳುವುದು 216 ಸಲಕ್ಕೆ ಒಮ್ಮೆ. ಅದು ಬಿದ್ದ ದಿನ ಏನೂ ಕೇಳದೆ ರಾಜನ ಬಾಗಿಲು ತೆರೆದುಬಿಡು.